ಮೈದಾನದ ಉಪಾಧ್ಯಾಯ ರಹೀಮ್ ಸಾಹೇಬರು

ಹೈದರಾಬಾದು ನಗರದ ಚಾದರ್‌ಘಾಟ್ ಪ್ರೌಢಶಾಲೆಯಲ್ಲಿ ಒಂದು ಕಾಲಕ್ಕೆ ಒಬ್ಬ ಉಪಾಧ್ಯಾಯರಿದ್ದರು. ತರಗತಿಯಲ್ಲಿ ಪಾಠ ಹೇಳುವುದರ ಜೊತೆಗೆ ಮಕ್ಕಳಿಗೆ ಆಟ ಕಲಿಸುವ ಹೊಣೆಯೂ ಅವರದಾಗಿತ್ತು. ಬಡ ಸಂಬಳ, ಸರಳ ಬಾಳು. ಪ್ರಪಂಚದ ಕಣ್ಣಿಗೆ ಬೀಳುವಂಥದು ಯಾವುದೂ ಅವರಲ್ಲಿ ಇರಲಿಲ್ಲ. ಆದರೆ ಮುಂದೆ ಕೆಲವೇ ವರ್ಷಗಳಲ್ಲಿ ಭಾರತದ ಕಾಲ್ಚೆಂಡಾಟವು ಏಷ್ಯಾ ಖಂಡದಲ್ಲಿ ಅಗ್ರಸ್ಥಾನಕ್ಕೆ ಏರಿದುದು ಈ ಉಪಾಧ್ಯಾಯರ ಕೈಯಲ್ಲಿ. ಅವರೇ ಸಯ್ಯದ್ ಅಬ್ದುಲ್ ರಹೀಮ್. ಆಟಗಾರರ ಬಾಯಲ್ಲಿ ಅವರು ಎಂದೆಂದಿಗೂ ರಹೀಮ್ ಸಾಹೇಬರು.

ರಹೀಮರು ಹುಟ್ಟಿದ್ದು 1909ನೆಯ ಇಸವಿ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಅದು ನಿಜಾಮರ ಆಳ್ವಿಕೆಯ ಕಾಲ. ಇಂದಿನ ಕರ್ನಾಟಕದ ಬೀದರ, ಕಲಬುರಗಿ, ರಾಯಚೂರು ಸೀಮೆಗಳೂ ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ರಹೀಮರಿಗೆ ಕಾಲ್ಚೆಂಡಾಟದ ಗೀಳು ಹತ್ತಿತು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರು. ಅಲ್ಲಿಯ ಹಳೆಯ ವಿದ್ಯಾರ್ಥಿಗಳು ಕಟ್ಟಿಕೊಂಡಿದ್ದ 'ಇಲೆವೆನ್ ಹಂಟರ್ಸ್' ಎಂಬ ತಂಡದಲ್ಲಿಯೂ, ಆಮೇಲೆ ಊರಿನ ಹೆಸರಾಂತ ಕಮರ್ ಕ್ಲಬ್ಬಿನಲ್ಲಿಯೂ ಆಡಿದರು. ಒಳ್ಳೆಯ ಆಟಗಾರರೆಂಬ ಹೆಸರಿತ್ತಾದರೂ ಆ ಹೆಸರು ಹೈದರಾಬಾದಿನ ಎಲ್ಲೆಯನ್ನು ದಾಟಿ ಬಹು ದೂರ ಹೋಗಲಿಲ್ಲ. ಪದವಿ ಪಡೆದು ಅಧ್ಯಾಪಕ ವೃತ್ತಿಗೆ ಸೇರಿದರು. ಕಾಚಿಗುಡದ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ, ಚಾದರ್‌ಘಾಟ್ ಪ್ರೌಢಶಾಲೆ, ಹೀಗೆ ಶಾಲೆಯಿಂದ ಶಾಲೆಗೆ ವರ್ಗವಾಗುತ್ತ ಬಂದರು. ನಡುವೆ ದೈಹಿಕ ಶಿಕ್ಷಣದಲ್ಲಿಯೂ ತರಬೇತಿ ಪಡೆದರು.

ಆಟವನ್ನು ಆಡುವುದು ಒಂದು ವಿದ್ಯೆ, ಕಲಿಸುವುದು ಮತ್ತೊಂದು ವಿದ್ಯೆ. ಚೆನ್ನಾಗಿ ಆಡಬಲ್ಲವರಿಗೆಲ್ಲ ಕಲಿಸಲು ಬರುವುದಿಲ್ಲ. ತಮ್ಮ ಕಾಲಿಗೆ ಸಹಜವಾಗಿ ಬಂದದ್ದು ಇನ್ನೊಬ್ಬರ ಕಾಲಿಗೆ ಏಕೆ ಬಾರದೆಂಬುದು ಅಂಥವರಿಗೆ ತಿಳಿಯುವುದೇ ಇಲ್ಲ. ರಹೀಮರಿಗೆ ಅದು ತಿಳಿಯುತ್ತಿತ್ತು. ಹಿಂದಿನ ಬೆಂಚಿನ ಹುಡುಗನಿಗೆ ಲೆಕ್ಕ ಎಲ್ಲಿ ತಪ್ಪುತ್ತದೆಂಬುದನ್ನು ಕಂಡುಹಿಡಿಯುವ ಕಣ್ಣಿನಿಂದಲೇ ಅವರು ಮೈದಾನವನ್ನೂ ನೋಡಿದರು.

ಆ ದಿನಗಳಲ್ಲಿ ನಮ್ಮ ದೇಶದ ಕಾಲ್ಚೆಂಡಾಟಕ್ಕೆ ಒಂದು ದೋಷವಿತ್ತು. ಚೆಂಡು ಸಿಕ್ಕ ಆಟಗಾರ ಅದನ್ನು ಬಿಟ್ಟುಕೊಡುತ್ತಿರಲಿಲ್ಲ. ಒಬ್ಬರನ್ನು ತಪ್ಪಿಸಿ, ಇಬ್ಬರನ್ನು ತಪ್ಪಿಸಿ, ಮೂರನೆಯವನ ಕಾಲಿಗೆ ಚೆಂಡನ್ನು ಒಪ್ಪಿಸಿ ನಿಲ್ಲುತ್ತಿದ್ದ. ಸುತ್ತ ನಿಂತ ಜನ ಚಪ್ಪಾಳೆ ತಟ್ಟುತ್ತಿದ್ದರು. ಬಹುಮಂದಿ ಆಟಗಾರರಿಗೆ ಚೆಂಡನ್ನು ಒದೆಯಲು ಒಂದು ಕಾಲು ಮಾತ್ರ ಪಳಗಿರುತ್ತಿತ್ತು; ಇನ್ನೊಂದು ಕಾಲು ಊರಿ ನಿಲ್ಲುವುದಕ್ಕಷ್ಟೆ. ಬಲಗಾಲಿನವನ ಎಡಕ್ಕೆ ಚೆಂಡು ಬಂದರೆ ಆತ ಮೈಯನ್ನು ಪೂರ್ತಿ ತಿರುಗಿಸಿ ಬಲಗಾಲಿಗೆ ಅದನ್ನು ತಂದುಕೊಳ್ಳಬೇಕು. ಅಷ್ಟರಲ್ಲಿ ಎದುರಾಳಿ ಬಂದು ಮೇಲೆ ಬಿದ್ದಿರುತ್ತಾನೆ. ಅರೆಕ್ಷಣದ ಈ ವಿಳಂಬವೇ ಪಂದ್ಯಗಳನ್ನು ಸೋಲಿಸುತ್ತದೆಂದು ರಹೀಮರು ಕಂಡುಕೊಂಡರು.

1940ರ ದಶಕದಲ್ಲಿ ಅವರು ಹೈದರಾಬಾದು ಕಾಲ್ಚೆಂಡಾಟ ಸಂಘದ ಕಾರ್ಯದರ್ಶಿಗಳಾದರು. ಕಾರ್ಯದರ್ಶಿಯ ಕೆಲಸವೆಂದರೆ ಕಾಗದಪತ್ರ ನೋಡುವುದು, ಪಂದ್ಯಗಳ ದಿನ ಗೊತ್ತುಮಾಡುವುದು ಎಂದು ಎಲ್ಲರೂ ತಿಳಿದಿದ್ದರೆ, ರಹೀಮರು ಆ ಪದವಿಯನ್ನು ಒಂದು ಪಾಠಶಾಲೆಯನ್ನಾಗಿ ಮಾಡಿದರು. ಅವರು ಏರ್ಪಡಿಸಿದ ಕೆಲವು ಪಂದ್ಯಾವಳಿಗಳು ವಿಚಿತ್ರವಾಗಿದ್ದವು. ಒಂದರಲ್ಲಿ ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಓಡುವಂತಿಲ್ಲ. ಬಂದ ಚೆಂಡನ್ನು ಕೂಡಲೇ ಜೊತೆಗಾರನಿಗೆ ದಾಟಿಸಬೇಕು. ಮತ್ತೊಂದರಲ್ಲಿ ಪಳಗಿದ ಕಾಲಿನಿಂದ ಒದೆಯುವಂತಿಲ್ಲ. ಬಲಗಾಲಿನವರು ಎಡಗಾಲನ್ನೇ ಬಳಸಬೇಕು. ಮೊದಮೊದಲು ನೋಡಲು ಬಂದವರಿಗೆ ಇದು ನಗೆಯಾಟದಂತೆ ಕಂಡಿರಬೇಕು. ಹೆಸರುವಾಸಿಯಾದ ಆಟಗಾರರೂ ಅಲ್ಲಿ ಎಡವುತ್ತಿದ್ದರು. ಆದರೆ ಒಂದೆರಡು ವರ್ಷ ಕಳೆಯುವುದರೊಳಗೆ ಹೈದರಾಬಾದಿನ ಗಲ್ಲಿಗಳಲ್ಲಿ ಬೆಳೆದ ಹುಡುಗರು ಎರಡು ಕಾಲುಗಳಲ್ಲಿಯೂ ಸಮನಾಗಿ ಆಡತೊಡಗಿದರು. ಬೈದು ಹೇಳಿದ್ದರೆ ಬಾರದ ವಿದ್ಯೆ ನಿಯಮ ಬದಲಿಸಿದ್ದರಿಂದ ಬಂದಿತು.

ಈ ಪಂದ್ಯಾವಳಿಗಳಿಂದ ಇನ್ನೊಂದು ಲಾಭವೂ ಆಯಿತು. ಹೊಸ ಆಟಗಾರರನ್ನು ಹುಡುಕಲು ರಹೀಮರಿಗೆ ಅವು ಜರಡಿಯಂತೆ ಒದಗಿದವು. ಯಾವ ಹುಡುಗನ ಕಾಲಲ್ಲಿ ಚಳಕವಿದೆ ಎಂಬುದಕ್ಕಿಂತ ಯಾವ ಹುಡುಗ ಹೇಳಿದ್ದನ್ನು ಬೇಗ ಕಲಿಯುತ್ತಾನೆ, ಯಾರು ತನ್ನ ಪಕ್ಕದವನನ್ನು ಗಮನಿಸುತ್ತಾನೆ ಎಂಬುದನ್ನು ಅವರು ನೋಡುತ್ತಿದ್ದರು. ಸಿಕಂದರಾಬಾದಿನ ದಂಡು ಪ್ರದೇಶದ ಅಮ್ಮುಗುಡದಲ್ಲಿ ತುಳಸೀದಾಸ್ ಬಲರಾಮ್ ಎಂಬ ಬಡ ತಮಿಳು ಮನೆತನದ ಹುಡುಗನೊಬ್ಬನಿದ್ದ. ಅವನ ಆಟವನ್ನು ಕಂಡ ರಹೀಮರು ಹೈದರಾಬಾದಿಗೆ ಅಭ್ಯಾಸಕ್ಕೆ ಬರುವಂತೆ ತಿಳಿಸಿದರು. ದಿನವೂ ಅಷ್ಟು ದೂರ ಬಂದು ಹೋಗಲು ಹುಡುಗನ ಬಳಿ ಕಾಸಿರಲಿಲ್ಲ. ಅದನ್ನು ಅರಿತ ರಹೀಮರು ಬಾಡಿಗೆ ಸೈಕಲ್ಲಿಗೆ ಹಣ ಕೊಟ್ಟು ಅವನನ್ನು ಬರಮಾಡಿಕೊಂಡರು. ಇಪ್ಪತ್ತನೆಯ ವಯಸ್ಸಿಗೆ ಆ ಹುಡುಗ ಒಲಿಂಪಿಕ್ ಆಟಗಾರನಾದ.

1950ರಲ್ಲಿ ಹೈದರಾಬಾದು ನಗರ ಪೊಲೀಸ್ ತಂಡದ ಶಿಕ್ಷಣದ ಹೊಣೆ ರಹೀಮರ ಪಾಲಿಗೆ ಬಂದಿತು. ಅಂದಿನವರೆಗೆ ಭಾರತದ ಕಾಲ್ಚೆಂಡಾಟವೆಂದರೆ ಕಲ್ಕತ್ತೆ ಎಂಬ ಮಾತಿತ್ತು. ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ತಂಡಗಳ ಮುಂದೆ ಉಳಿದವರದು ಲೆಕ್ಕಕ್ಕೆ ಸಾಲದ ಆಟ. ಆದರೆ ಅದೇ ವರ್ಷದ ಡ್ಯುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಹೈದರಾಬಾದಿನ ಪೊಲೀಸರು ಮೋಹನ್ ಬಗಾನನ್ನು ಸೋಲಿಸಿದರು. ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಗೆದ್ದರು. ಆ ತಂಡದ ಗುಟ್ಟು ಚೆಂಡನ್ನು ಒಬ್ಬರ ಬಳಿ ನಿಲ್ಲಗೊಡದೆ ಓಡಾಡಿಸುವುದರಲ್ಲಿ ಇತ್ತು. ಮನುಷ್ಯನಿಗಿಂತ ಚೆಂಡು ವೇಗವಾಗಿ ಓಡುತ್ತದೆ. ಹಾಗಿರುವಾಗ ಚೆಂಡನ್ನು ಓಡಿಸುವುದು ಬಿಟ್ಟು ಮನುಷ್ಯನೇ ಏಕೆ ಓಡಬೇಕು ಎಂಬುದು ರಹೀಮರ ಸರಳ ತರ್ಕ.

ಪೊಲೀಸ್ ತಂಡದ ಈ ಸಾಧನೆಯ ಜೊತೆಯಲ್ಲಿಯೇ ಭಾರತ ತಂಡಕ್ಕೂ ಅವರು ಶಿಕ್ಷಕರಾದರು. ಮೊದಲ ಪರೀಕ್ಷೆ 1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡಾಕೂಟ. ಶೈಲೇನ್ ಮನ್ನಾ ಅವರ ನಾಯಕತ್ವದಲ್ಲಿ ಭಾರತವು ಇಂಡೋನೇಷ್ಯವನ್ನೂ ಆಫ್ಘಾನಿಸ್ತಾನವನ್ನೂ ತಲಾ 3-0 ಗೋಲುಗಳಿಂದ ಸೋಲಿಸಿತು. ಅಂತಿಮ ಪಂದ್ಯದಲ್ಲಿ ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಗೆದ್ದು ಚಿನ್ನದ ಪದಕ ಪಡೆಯಿತು.

ಗೆಲುವಿನ ಈ ಸಂತೋಷ ಹದಿನಾರು ತಿಂಗಳು ಮಾತ್ರ ಉಳಿಯಿತು. 1952ರ ಜುಲೈಯಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಭಾರತಕ್ಕೆ ಮೊದಲ ಪಂದ್ಯವೇ ಯುಗೋಸ್ಲಾವಿಯದ ಮೇಲೆ. ಅದು ಯೂರೋಪಿನ ಬಲಿಷ್ಠ ತಂಡಗಳಲ್ಲಿ ಒಂದು; ಆ ಒಲಿಂಪಿಕ್ಸಿನಲ್ಲಿ ಬೆಳ್ಳಿಯ ಪದಕ ಪಡೆದದ್ದೂ ಅದೇ. ಎದುರಾಳಿಗಳ ಕಾಲಲ್ಲಿ ಬೂಟುಗಳು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡುವುದನ್ನೇ ರೂಢಿ ಮಾಡಿಕೊಂಡವರು. ನಮ್ಮ ಒಣ ನೆಲದ ಮೇಲೆ ಬರಿಗಾಲಿಗೆ ಸಿಕ್ಕುತ್ತಿದ್ದ ಹಿಡಿತ ಉತ್ತರದ ಆ ಶೀತಲ ದೇಶದ ಹಸುರಿನ ಮೇಲೆ ಸಿಕ್ಕಲಿಲ್ಲ. ಭಾರತ 10-1 ಗೋಲುಗಳಿಂದ ಸೋತಿತು. ಆ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್.

ಹತ್ತು ಗೋಲುಗಳ ಸೋಲನ್ನು ಮರೆಸಲು ನೆವಗಳಿಗೆ ಕೊರತೆಯಿರಲಿಲ್ಲ. ಚಳಿಯೆನ್ನಬಹುದಿತ್ತು, ಅದೃಷ್ಟವೆನ್ನಬಹುದಿತ್ತು. ರಹೀಮರು ಆ ಸೋಲನ್ನು ತಪ್ಪು ಬಿದ್ದ ಲೆಕ್ಕದಂತೆ ಮುಂದಿಟ್ಟುಕೊಂಡು ನೋಡಿದರು. ಅಲ್ಲಿಂದ ಮುಂದೆ ಬೂಟು ಕಡ್ಡಾಯವಾಯಿತು. ಆದರೆ ಬೂಟು ತೊಟ್ಟ ಮಾತ್ರಕ್ಕೆ ಆಟ ಬಾರದು. ನಮ್ಮಲ್ಲಿ ಬಹುಕಾಲದಿಂದ ಇಬ್ಬರೇ ರಕ್ಷಕರನ್ನು ಹಿಂದೆ ನಿಲ್ಲಿಸಿ ಐವರನ್ನು ಮುಂದೆ ಕಳುಹಿಸುವ ಪದ್ಧತಿ ಇತ್ತು. ಯೂರೋಪಿನ ತಂಡಗಳು ಈ ವ್ಯೂಹವನ್ನು ಎಂದೋ ಬಿಟ್ಟಿದ್ದವು. 1953ರಲ್ಲಿ ಹಂಗೇರಿಯ ತಂಡ ಲಂಡನ್ನಿಗೆ ಹೋಗಿ ಇಂಗ್ಲೆಂಡನ್ನು ಅದರ ನೆಲದಲ್ಲಿಯೇ 6-3 ಗೋಲುಗಳಿಂದ ಸೋಲಿಸಿದಾಗ ಕಾಲ್ಚೆಂಡಿನ ಲೋಕವೇ ಬೆರಗಾಯಿತು. ಮುನ್ನಡೆಯ ನಡುವಿನ ಆಟಗಾರನನ್ನು ಹಿಂದಕ್ಕೆ ಸರಿಸಿ, ಅವನ ಬೆನ್ನು ಹತ್ತಿದ ಎದುರಾಳಿಯ ರಕ್ಷಕನನ್ನು ಸ್ಥಾನ ತಪ್ಪಿಸುವುದು ಹಂಗೇರಿಯವರ ಉಪಾಯ. ಪರದೇಶಗಳ ಇಂಥ ಹೊಸ ವಿದ್ಯೆಯನ್ನು ರಹೀಮರು ಶ್ರದ್ಧೆಯಿಂದ ಅಭ್ಯಾಸ ಮಾಡಿ ನಮ್ಮ ಹುಡುಗರ ಮೈಕಟ್ಟಿಗೂ ಚುರುಕಿಗೂ ಹೊಂದುವಂತೆ ಅಳವಡಿಸಿದರು. ದೇಹಬಲದಲ್ಲಿ ಯೂರೋಪಿನವರಿಗೆ ಸಮನಾಗಲಾರೆವೆಂಬುದನ್ನು ಅವರು ಒಪ್ಪಿಕೊಂಡಿದ್ದರು. ಒಪ್ಪಿಕೊಂಡಿದ್ದರಿಂದಲೇ ಬೇರೆ ದಾರಿಯನ್ನು ಹುಡುಕಿದರು.

ಆ ದಾರಿ 1956ರಲ್ಲಿ ಮೆಲ್ಬೋರ್ನಿಗೆ ಕರೆದೊಯ್ದಿತು. ಆ ವರ್ಷ ಹಂಗೇರಿಯಲ್ಲಿ ದಂಗೆಯೆದ್ದು ಸೋವಿಯತ್ ಸೈನ್ಯ ಒಳನುಗ್ಗಿದ್ದರಿಂದ ಆ ದೇಶದ ಕಾಲ್ಚೆಂಡಿನ ತಂಡ ಒಲಿಂಪಿಕ್ಸಿಗೆ ಬರಲಿಲ್ಲ. ಅದರೊಡನೆ ಆಡಬೇಕಾಗಿದ್ದ ಭಾರತ ಆಡದೆಯೇ ಮುಂದಿನ ಸುತ್ತಿಗೆ ಹೋಯಿತು. ಇದು ಅದೃಷ್ಟವೇ ಸರಿ. ಆದರೆ ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿದ್ದು ಅದೃಷ್ಟವಲ್ಲ. ಮುಂಬಯಿಯ ನೆವಿಲ್ ಡಿಸೋಜಾ ಆ ಪಂದ್ಯದಲ್ಲಿ ಮೂರು ಗೋಲುಗಳನ್ನು ಹೊಡೆದರು. ಒಲಿಂಪಿಕ್ ಪಂದ್ಯವೊಂದರಲ್ಲಿ ಏಷ್ಯಾದ ಆಟಗಾರನೊಬ್ಬ ಮೂರು ಗೋಲು ಹೊಡೆದದ್ದು ಅದೇ ಮೊದಲು. ಏಷ್ಯಾದ ತಂಡವೊಂದು ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಉಪಾಂತ್ಯ ಪಂದ್ಯವನ್ನು ಮುಟ್ಟಿದ್ದೂ ಅದೇ ಮೊದಲು.

ಉಪಾಂತ್ಯದಲ್ಲಿ ಎದುರಾದದ್ದು ಮತ್ತೆ ಅದೇ ಯುಗೋಸ್ಲಾವಿಯ. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲುಗಳ ಬರೆ ಹಾಕಿದ್ದ ತಂಡ. ಅರ್ಧ ಪಂದ್ಯ ಮುಗಿದಾಗ ಯಾರಿಗೂ ಗೋಲಿಲ್ಲ. ಬಳಿಕ ಮೊದಲ ಗೋಲು ಬಂದದ್ದು ಭಾರತಕ್ಕೆ, ನೆವಿಲ್ ಡಿಸೋಜಾ ಅವರ ಕಾಲಿನಿಂದಲೇ. ಮುಂದೆ ಯುಗೋಸ್ಲಾವಿಯದವರು ನಾಲ್ಕು ಗೋಲು ಪಡೆದು ಗೆದ್ದರು. ಕಂಚಿನ ಪದಕದ ಪಂದ್ಯದಲ್ಲಿಯೂ ಬಲ್ಗೇರಿಯದ ಎದುರು ಭಾರತ 3-0ರಿಂದ ಸೋತು ನಾಲ್ಕನೆಯ ಸ್ಥಾನಕ್ಕೆ ನಿಂತಿತು. ಪದಕ ಬರಲಿಲ್ಲವೆಂಬುದು ನಿಜ. ಆದರೆ ಹತ್ತಕ್ಕೆ ಒಂದು ಎಂಬ ಸ್ಥಿತಿಯಿಂದ, ಅದೇ ಎದುರಾಳಿಯ ಮೇಲೆ ಮೊದಲ ಗೋಲು ಹೊಡೆದು ಮುಂದೆ ನಿಂತ ಸ್ಥಿತಿಗೆ ಬಂದದ್ದು ಯಾವ ಪದಕಕ್ಕೆ ಕಡಮೆ? ಆ ತಂಡದಲ್ಲಿ ಬಲರಾಮ್ ಇದ್ದರು, ಹೈದರಾಬಾದಿನ ಇನ್ನೂ ಹಲವರಿದ್ದರು, ಬೆಂಗಳೂರಿನ ಕೆಂಪಯ್ಯನವರಿದ್ದರು.

1956 ಮತ್ತು 1957ರಲ್ಲಿ ಹೈದರಾಬಾದು ಸಂತೋಷ್ ಟ್ರೋಫಿಯನ್ನು ಎರಡು ಬಾರಿ ಗೆದ್ದಿತು. 1960ರ ರೋಮ್ ಒಲಿಂಪಿಕ್ಸಿಗೆ ಪಿ.ಕೆ. ಬ್ಯಾನರ್ಜಿಯವರ ನಾಯಕತ್ವದಲ್ಲಿ ಹೋದ ತಂಡವು ಹಂಗೇರಿಗೆ 2-1ರಿಂದಲೂ ಪೆರುವಿಗೆ 3-1ರಿಂದಲೂ ಸೋತಿತು. ಫ್ರಾನ್ಸಿನೊಡನೆ 1-1 ಸಮ ಮಾಡಿಕೊಂಡಿತು. ಆ ತಂಡದಲ್ಲಿ ರಹೀಮರ ಮಗ ಸಯ್ಯದ್ ಶಾಹಿದ್ ಹಕೀಮರೂ ಇದ್ದರು. ತಂದೆಯೇ ಶಿಕ್ಷಕರಾಗಿದ್ದರೂ ರೋಮಿನಲ್ಲಿ ಅವರಿಗೆ ಒಂದು ಪಂದ್ಯದಲ್ಲಿಯೂ ಆಡುವ ಅವಕಾಶ ಸಿಗಲಿಲ್ಲ. ಒಲಿಂಪಿಕ್ಸಿಗೆ ಹೋಗಿ ಆಡದೆ ಹಿಂದಿರುಗುವುದು ಯಾವ ತರುಣನಿಗೂ ಸುಲಭವಾದ ಸಂಗತಿಯಲ್ಲ. ಆ ಮಗನ ತಂದೆಗೂ ಅದು ಸುಲಭವಾಗಿರಲಿಕ್ಕಿಲ್ಲ.

ಈ ಹೊತ್ತಿಗಾಗಲೇ ರಹೀಮರ ಆರೋಗ್ಯ ಕೆಡತೊಡಗಿತ್ತು. ಕ್ಯಾನ್ಸರ್ ರೋಗ ಒಳಗೇ ಅವರನ್ನು ತಿನ್ನುತ್ತಿತ್ತು. 1962ರಲ್ಲಿ ಇಂಡೋನೇಷ್ಯದ ಜಕಾರ್ತಾದಲ್ಲಿ ನಾಲ್ಕನೆಯ ಏಷ್ಯನ್ ಕ್ರೀಡೆಗಳು ನಡೆಯುವಾಗ ಅವರು ವಿಶ್ರಾಂತಿ ಪಡೆಯಬೇಕಾಗಿದ್ದ ರೋಗಿ. ಆದರೂ ತಂಡವನ್ನು ಸಿದ್ಧಪಡಿಸಿದರು, ತಂಡದೊಡನೆ ಹೊರಟರು.

ಜಕಾರ್ತಾದ ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯ ಭಾರತವನ್ನು 2-0ರಿಂದ ಸೋಲಿಸಿತು. ಏಷ್ಯಾ ಕಪ್ಪನ್ನು ಎರಡು ಸಲವೂ ಗೆದ್ದಿದ್ದ ತಂಡವದು. ಮುಂದಿನ ಪಂದ್ಯದಲ್ಲಿ ಥಾಯ್ಲೆಂಡನ್ನು 4-1ರಿಂದ ಭಾರತ ಗೆದ್ದಿತಾದರೂ ಬೆಲೆ ಭಾರಿಯಾಗಿತ್ತು. ಹಿಂಬದಿಯ ಗೋಡೆಯಂತಿದ್ದ ಪಂಜಾಬಿನ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಹಾಕಬೇಕಾಯಿತು. ಜಪಾನಿನ ಮೇಲೆ ಅವರಿಲ್ಲದೆಯೇ ಆಡಿ 2-0ರಿಂದ ಗೆದ್ದದ್ದಾಯಿತು. ಉಪಾಂತ್ಯಕ್ಕೆ ಏನು ಮಾಡುವುದು? ತಲೆಗೆ ಪಟ್ಟಿ ಕಟ್ಟಿಕೊಂಡ ರಕ್ಷಕನನ್ನು ಹಿಂದೆ ನಿಲ್ಲಿಸಿದರೆ ಎತ್ತರದಿಂದ ಬರುವ ಪ್ರತಿಯೊಂದು ಚೆಂಡಿಗೂ ತಲೆ ಕೊಡಬೇಕು. ಮನೆಯಲ್ಲಿ ಕೂರಿಸಿದರೆ ತಂಡದ ಧೈರ್ಯವೇ ಕುಂದುತ್ತದೆ. ರಹೀಮರು ಯಾರೂ ಎಣಿಸದ ಒಂದು ಕೆಲಸ ಮಾಡಿದರು. ಜರ್ನೈಲರನ್ನು ಮುನ್ನಡೆಯ ನಡುಸ್ಥಾನಕ್ಕೆ ಕಳುಹಿಸಿದರು. ದಕ್ಷಿಣ ವಿಯೆಟ್ನಾಮಿನ ಮೇಲೆ ಭಾರತ 3-2ರಿಂದ ಗೆದ್ದಿತು. ನಾಯಕ ಚುನಿ ಗೋಸ್ವಾಮಿ ಎರಡು ಗೋಲು, ಜರ್ನೈಲ್ ಒಂದು ಗೋಲು.

ಇಷ್ಟರಲ್ಲಿ ಆಟದ ಹೊರಗಿನ ಗಲಭೆಯೊಂದು ಭಾರತ ತಂಡವನ್ನು ಸುತ್ತಿಕೊಂಡಿತು. ಇಸ್ರೇಲ್ ಮತ್ತು ತೈವಾನ್ ದೇಶಗಳ ಕ್ರೀಡಾಪಟುಗಳಿಗೆ ಇಂಡೋನೇಷ್ಯ ಪ್ರವೇಶ ಕೊಟ್ಟಿರಲಿಲ್ಲ. ಏಷ್ಯನ್ ಕ್ರೀಡೆಗಳ ಸ್ಥಾಪಕರಲ್ಲಿ ಒಬ್ಬರಾದ ಭಾರತದ ಜಿ.ಡಿ. ಸೋಂಧಿಯವರು ಇದನ್ನು ಬಹಿರಂಗವಾಗಿ ಖಂಡಿಸಿದರು. ಜಕಾರ್ತಾದ ಜನ ಕೆರಳಿದರು. ಭಾರತದ ರಾಯಭಾರ ಕಚೇರಿಯ ಮೇಲೆಯೇ ದಾಳಿ ನಡೆಯಿತು. ನಮ್ಮ ಆಟಗಾರರು ಬಸ್ಸಿನಲ್ಲಿ ಹೋಗುವಾಗಲೂ ಕಲ್ಲೇಟಿಗೆ ಅಂಜಿ ತಲೆ ತಗ್ಗಿಸಿ ಕೂರಬೇಕಾದ ಪರಿಸ್ಥಿತಿ ಒದಗಿತು. ಚೆಂಡೊದೆಯಲು ಬಂದ ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಇಂಥ ದ್ವೇಷವನ್ನು ಎದುರಿಸುವ ಅಭ್ಯಾಸವೆಲ್ಲಿಂದ ಬರಬೇಕು? ಅಂತಿಮ ಪಂದ್ಯದ ಹಿಂದಿನ ರಾತ್ರಿ ರಹೀಮರು ಅವರನ್ನೆಲ್ಲ ಒಟ್ಟು ಸೇರಿಸಿ ತಮಗೊಂದು ಕಾಣಿಕೆ ಬೇಕೆಂದು ಕೇಳಿದರು. ಮರುದಿನದ ಚಿನ್ನದ ಪದಕವೇ ಆ ಕಾಣಿಕೆ. ಸಾಹೇಬರ ಕಾಯಿಲೆ ಯಾರಿಗೂ ಗುಟ್ಟಾಗಿರಲಿಲ್ಲ. ಕೇಳಿದವರ ಕಣ್ಣು ಒದ್ದೆಯಾಯಿತು.

ಸೆಪ್ಟೆಂಬರ್ 4ರಂದು ಸೆನಾಯಾನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನ ಸೇರಿದ್ದರು. ಎದುರಾಳಿ ಮತ್ತೆ ದಕ್ಷಿಣ ಕೊರಿಯ. ಭಾರತದ ಆಟಗಾರರ ಕಾಲಿಗೆ ಚೆಂಡು ಬಂದಾಗಲೆಲ್ಲ ಛೀಮಾರಿಯ ಕೂಗು ಕಿವಿಗಡಚಿಕ್ಕುತ್ತಿತ್ತು. ಅಷ್ಟು ಜನರ ನಡುವೆ ಭಾರತಕ್ಕೆ ಜಯಕಾರ ಹಾಕಿದವರು ಪಾಕಿಸ್ತಾನದ ಹಾಕಿ ಆಟಗಾರರು. ಹಾಕಿಯ ಅಂತಿಮ ಪಂದ್ಯದಲ್ಲಿ ಭಾರತವನ್ನು ಸೋಲಿಸಿದ್ದ ಅವರೇ ಅಂದು ಭಾರತದ ಪರವಾಗಿ ಕೂಗಿದರು. ಜ್ವರದಿಂದ ಬಳಲಿದ್ದ ಆಜಾನುಬಾಹು ಪೀಟರ್ ತಂಗರಾಜ್ ಗೋಲಿನ ಮುಂದೆ ನಿಂತರು. ತಲೆಗೆ ಪಟ್ಟಿ ಕಟ್ಟಿದ ಜರ್ನೈಲ್ ಮುನ್ನಡೆಯಲ್ಲಿ ನಿಂತರು. ರಕ್ಷಕ ತ್ರಿಲೋಕ್ ಸಿಂಗರು ಕಾಲ್ಬೆರಳಿನ ಗಾಯವನ್ನು ನುಂಗಿಕೊಂಡು ಆಡಿದರು. ಹದಿನೇಳನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಮೊದಲ ಗೋಲು ಹೊಡೆದರು. ಮೂರು ನಿಮಿಷಗಳ ತರುವಾಯ ಜರ್ನೈಲ್ ಸಿಂಗರು ಎರಡನೆಯದನ್ನು ಹೊಡೆದರು. ಕೊರಿಯದವರಿಗೆ ಗೋಲು ಸಿಕ್ಕಿದ್ದು ಆಟ ಮುಗಿಯಲು ಐದೇ ನಿಮಿಷವಿರುವಾಗ. ಉಳಿದ ಆ ಐದು ನಿಮಿಷಗಳು ಅಂಚಿನಲ್ಲಿ ಕುಳಿತ ರಹೀಮರಿಗೆ ಎಷ್ಟು ದೀರ್ಘವಾಗಿ ಕಂಡವೋ! ಪಂದ್ಯ 2-1ರಿಂದ ಮುಗಿಯಿತು. ಕಾಣಿಕೆ ಸಂದಿತು. ಬೆಂಗಳೂರಿನ ಅರುಮೈನಾಯಗಂ ಕೂಡ ಆ ಚಿನ್ನದ ತಂಡದಲ್ಲಿ ಒಬ್ಬರು.

ಜಕಾರ್ತಾದಿಂದ ಹಿಂದಿರುಗಿದ ಮೇಲೆ ರಹೀಮರು ಹೆಚ್ಚು ಕಾಲ ಬದುಕಲಿಲ್ಲ. ರೋಗ ಉಲ್ಬಣಿಸಿತು. 1963ನೆಯ ಇಸವಿ ಜೂನ್ 11ರಂದು ಅವರು ತೀರಿಕೊಂಡರು. ಆಗ ಅವರ ವಯಸ್ಸು ಐವತ್ತಮೂರು ಮಾತ್ರ. ಭಾರತದ ತರಬೇತುದಾರರಿಗೆ ಸರ್ಕಾರ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದು 1985ರಲ್ಲಿ, ಅವರು ಹೋದ ಇಪ್ಪತ್ತೆರಡು ವರ್ಷಗಳ ಮೇಲೆ. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ ಭಾರತಕ್ಕೆ ಕಂಚಿನ ಪದಕ ಬಂದಿತು. ಆ ತಂಡದ ನಾಯಕ ಸಯ್ಯದ್ ನಯೀಮುದ್ದೀನ್ ಹೈದರಾಬಾದಿನವರು. ಆ ಬಳಿಕ ಶತಮಾನ ಮುಗಿಯುವವರೆಗೂ ಏಷ್ಯನ್ ಕ್ರೀಡೆಗಳ ಕಾಲ್ಚೆಂಡಾಟದಲ್ಲಿ ಭಾರತಕ್ಕೆ ಯಾವ ಪದಕವೂ ದೊರೆಯಲಿಲ್ಲ.

ರೋಮಿನಲ್ಲಿ ಆಡಲಾಗದ ಮಗ ಹಕೀಮರು ವಾಯುಪಡೆಯ ಅಧಿಕಾರಿಯಾದರು, ಅಂತರರಾಷ್ಟ್ರೀಯ ಪಂದ್ಯಗಳ ತೀರ್ಪುಗಾರರಾದರು, ತಂದೆಯಂತೆಯೇ ಆಟ ಕಲಿಸುವವರೂ ಆದರು. 2021ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿ ಅವರು ಕಣ್ಣು ಮುಚ್ಚಿದರು. ರಹೀಮರು ಬೆಳೆಸಿದ ಮುನ್ನಡೆಯ ಮೂವರಲ್ಲಿ ಪಿ.ಕೆ. ಬ್ಯಾನರ್ಜಿ ಮತ್ತು ಚುನಿ ಗೋಸ್ವಾಮಿ 2020ರಲ್ಲಿ ಒಂದೆರಡು ತಿಂಗಳ ಅಂತರದಲ್ಲಿ ತೀರಿಕೊಂಡರು. ಬಾಡಿಗೆ ಸೈಕಲ್ಲಿನಲ್ಲಿ ಅಭ್ಯಾಸಕ್ಕೆ ಬರುತ್ತಿದ್ದ ಅಮ್ಮುಗುಡದ ಹುಡುಗ ತುಳಸೀದಾಸ್ ಬಲರಾಮರು 2023ರ ಫೆಬ್ರವರಿಯವರೆಗೆ ಬದುಕಿದ್ದರು.